ಸಿಮೆಂಟ್ ಇಲ್ಲದೆ ನಿಂತ ಪಾರಿವಾಳದ ಬುರುಜು

ಈಜಿಪ್ಟಿನ ಮೀತ್ ಘಮ್ರ್ ಕಡೆಯ ತೋಟದಲ್ಲಿ ಮಾಂಸದ ಪಾರಿವಾಳ ಸಾಕಲು ನಾನು ಕಟ್ಟಿಸಿದ ಮಣ್ಣಿನ ಬುರುಜು ಎರಡು ಚಳಿಗಾಲದ ಮಳೆ ದಾಟಿ ನಿಂತಿದೆ. ಕಾಂಕ್ರೀಟಿನಲ್ಲಿ ಕಟ್ಟಲು ಮೂರು ಲಕ್ಷ ಈಜಿಪ್ಟ್ ಪೌಂಡ್ ಕೇಳಿದ್ದ ಎಂಜಿನಿಯರ್, ‘ಆರು ತಿಂಗಳಲ್ಲಿ ಕರಗುತ್ತದೆ’ ಎಂದಿದ್ದರು. ಈಗ ಹಬ್ಬ ಬಂದರೆ ಮರಿಗಳಿಗಾಗಿ ಅವರೇ ಮೊದಲು ಫೋನ್ ಮಾಡುತ್ತಾರೆ. ಮಂಗಳೂರಿನಿಂದ ಬಂದ ನನ್ನಂಥ ಮೇಲ್ವಿಚಾರಕನಿಗೆ ನೈಲ್ ತೀರದ ಕಸುಬು ಹೇಗೆ ಒಲಿದೀತು ಎಂದು ನಕ್ಕ ಮೇಸ್ತ್ರಿಗಳೂ ಬಂದು ನೋಡಿ ಹೋಗಿದ್ದಾರೆ.

ಬುಡದ ಅಗಲ ಸುಮಾರು 3 ಮೀಟರ್, ಎತ್ತರ 8ಕ್ಕಿಂತ ತುಸು ಹೆಚ್ಚು. ಆಳೆತ್ತರದವರೆಗೆ ಹಸಿ ಇಟ್ಟಿಗೆ. ಅಲ್ಲಿಂದ ಮೇಲೆ ಮಡಕೆಗಳೇ ಗೋಡೆ, ಅವೇ ಹಕ್ಕಿಯ ಗೂಡು. ಬಾಯಿ ಒಳಕ್ಕೆ ಬರುವಂತೆ ಮಲಗಿಸಿ, ಸಂದಿಗೆ ಗೋಧಿ ಹುಲ್ಲು ಕಲಸಿದ ಕೆಸರು. 1,200 ಮಡಕೆ ಹಿಡಿದಿರಬೇಕು, ತಲಾ 15 ಪೌಂಡಿನ ಆಸುಪಾಸು. ಕೆಸರು ಒಣಗಬೇಕಲ್ಲ, ದಿನಕ್ಕೆ ಮೂರು ಸಾಲು ಮಾತ್ರ. ಮಾಲೀಕರು ಎಷ್ಟೇ ಅವಸರಿಸಿದರೂ ನಾಲ್ಕನೆಯ ಸಾಲಿಗೆ ನಾನು ಒಪ್ಪಲಿಲ್ಲ.

ಕಾಡಿದ್ದು ಮಣ್ಣು. ಅಲ್ಲಿ ಹೊಲದ ಮೇಲ್ಮಣ್ಣು ಕೆರೆಯುವಂತಿಲ್ಲ. ಅಸ್ವಾನ್ ಅಣೆಕಟ್ಟು ಬಂದ ಮೇಲೆ ನೆರೆಯ ಮೆಕ್ಕಲೂ ಇಲ್ಲ. ಕಾಲುವೆಯ ಹೂಳನ್ನು ಟ್ರ್ಯಾಕ್ಟರ್‌ನಲ್ಲಿ ತರಿಸಿದೆ. ಮೊದಲ ಲೋಡುಗಳಲ್ಲಿ ಉಪ್ಪಿನಂಶ. ಒಣಗುತ್ತಿದ್ದಂತೆ ಗೋಡೆಯ ಮೇಲೆ ಬಿಳಿ ಪುಡಿ ಎದ್ದು, ಇಟ್ಟಿಗೆಯ ಅಂಚು ಉದುರತೊಡಗಿತು. ಸೊಂಟದೆತ್ತರ ಏರಿದ್ದನ್ನು ಕೆಡವಿಸಿದಾಗ ಹದಿನೈದು ಸಾವಿರ ಪೌಂಡ್ ನೀರುಪಾಲು. ಈಗ ನಾಲಿಗೆಗೆ ಮುಟ್ಟಿಸಿ ನೋಡದೆ ಒಂದು ಬುಟ್ಟಿ ಮಣ್ಣನ್ನೂ ಇಳಿಸಿಕೊಳ್ಳುವುದಿಲ್ಲ.

ಹೊರಗೆ ಚಾಚಿದ ಸರ್ವೆ ಗಳುಗಳು ಕಟ್ಟುವಾಗ ಅಟ್ಟಣಿಗೆ, ಆಮೇಲೆ ಹಕ್ಕಿ ಕೂರುವ ಜಾಗ. ಇಲಿ, ಹಾವು ಹತ್ತದಂತೆ ಬುಡದ ಸುತ್ತ ನುಣ್ಣನೆಯ ಸುಣ್ಣದ ಪಟ್ಟಿ ಎಳೆದಿದ್ದೇನೆ. ಆ ಸುಣ್ಣಕ್ಕೆ ಏನು ಬೆರೆಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ವಯಸ್ಸಾದ ಮೇಸ್ತ್ರಿಯೊಬ್ಬರನ್ನು ತಿಂಗಳುಗಟ್ಟಲೆ ಕಾಡಿ ಕಲಿತದ್ದು.

ಜೊತೆಗೆ ಒಂದು ಪ್ರಯೋಗವನ್ನೂ ಮಾಡಿದೆ. ತುದಿಯ ಎರಡು ಸಾಲಿನಲ್ಲಿ ಮಡಕೆಯ ಬದಲು ಪಿವಿಸಿ ಪೈಪಿನ ತುಂಡು. ಅಗ್ಗವೇನೋ ಹೌದು. ಜುಲೈನಲ್ಲಿ ಅವುಗಳಲ್ಲಿದ್ದ ಮರಿಗಳು ಕೊಕ್ಕು ತೆರೆದು ಏದುಸಿರು ಬಿಟ್ಟವು, ಕೆಲವು ಸತ್ತವು. ಸುಟ್ಟ ಮಣ್ಣಿನ ಮಡಕೆಯಲ್ಲಿ ಆ ತೊಂದರೆ ಇರಲಿಲ್ಲ. ಪೈಪು ಕಿತ್ತು ಹಾಕಿದೆ.

ಹಕ್ಕಿ ತುಂಬಿಸಲು ಎಳೆಯ ಜೋಡಿಗಳೇ ಆಗಬೇಕು. ಬೆಳೆದವನ್ನು ಎಷ್ಟು ವಾರ ಕೂಡಿಹಾಕಿದರೂ, ಬಿಟ್ಟೊಡನೆ ಹಳೆಯ ಗೂಡಿಗೇ ಹಾರಿದವು. ಎಳೆಯವು ಉಳಿದವು. ಬಾಗಿಲು ತೆರೆದ ದಿನ ಅವಕ್ಕೆ ಏನು ತಿನ್ನಿಸಿದೆ ಎಂಬುದೂ ನನ್ನ ಹತ್ತಿರವೇ ಇರಲಿ.

ಒಟ್ಟು ಖರ್ಚು ಒಂದು ಲಕ್ಷ ಪೌಂಡಿನ ಹತ್ತಿರ. ರೆಕ್ಕೆ ಬಲಿಯುವ ಮೊದಲು, ನಾಲ್ಕು ವಾರದ ಸುಮಾರಿಗೆ ಇಳಿಸಿದ ಮರಿಗಳ ಜೋಡಿಗೆ 200 ಪೌಂಡ್‌ವರೆಗೆ ಸಿಗುತ್ತದೆ. ಹಸಿ ಗೋಧಿ ಸುಟ್ಟು ಮಾಡಿದ ಫ್ರೀಕೆಯನ್ನು ಮರಿಯೊಳಗೆ ತುಂಬಿ ಬೇಯಿಸುವ ಹೋಟೆಲಿನವರು ತೋಟಕ್ಕೇ ಬರುತ್ತಾರೆ. ಹಿಕ್ಕೆ ಬೇರೆ. ಹಸಿಯಾಗಿ ಹಾಕಿದರೆ ಕಲ್ಲಂಗಡಿ ಸಸಿ ಸುಟ್ಟುಹೋಗುತ್ತದೆ, ಮಾಗಿಸಿ ಹಾಕಿದ ಸಾಲು ದನದ ಗೊಬ್ಬರದ ಸಾಲನ್ನು ಮೀರಿಸಿತು. ಎರಡನೆಯ ಬುರುಜಿಗೆ ಮಡಕೆ ಹೇಳಿಯಾಗಿದೆ. ಕುಂಬಾರ ಈ ಸಲ ಮಡಕೆಗೆ 18 ಪೌಂಡ್ ಎನ್ನುತ್ತಿದ್ದಾನೆ, 16ಕ್ಕೆ ಇಳಿಸಬೇಕು.