ಎಸ್‌ಎಂಡಿ ಬೆಸುಗೆ: ಮುಖ ದೂರ ಇರಲಿ

ಎಸ್‌ಎಂಡಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ ಪುಟ್ಟ ಎಲೆಕ್ಟ್ರಾನಿಕ್ ಭಾಗಗಳು) ಅಂದರೆ ಮೆಷಿನ್ ಕೆಲಸ, ಕೈಯಲ್ಲಿ ಆಗುವುದಿಲ್ಲ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ನಾನು ಮನೆಯ ಮೇಜಿನ ಮೇಲೆ 0805 ಸೈಜಿನ ರೆಸಿಸ್ಟರ್‌ಗಳಿಂದ ಶುರು ಮಾಡಿದೆ. ಉದ್ದ 2 ಮಿ.ಮೀ., ಅಗಲ ಸುಮಾರು 1.25. ಈಗ ಅಟ್‌ಮೆಗಾ328ಪಿ ಅನ್ನುವ ಮೈಕ್ರೋಕಂಟ್ರೋಲರ್‌ನ (ಪುಟ್ಟ ಕಂಪ್ಯೂಟರ್ ಚಿಪ್) 32 ಕಾಲಿನ ಚಪ್ಪಟೆ ಚಿಪ್ಪನ್ನೂ ಕೈಯಲ್ಲೇ ಕೂರಿಸುತ್ತೇನೆ. ಅದರಲ್ಲಿ ಕಾಲಿನಿಂದ ಕಾಲಿಗೆ 0.8 ಮಿ.ಮೀ. ಅಷ್ಟೇ.

ಇಲ್ಲಿ ಕೈಚಳಕಕ್ಕಿಂತ ಜಾಸ್ತಿ ಕೆಲಸ ಮಾಡುವುದು ಫ್ಲಕ್ಸ್, ಅಂದರೆ ಬೆಸುಗೆ ಚೆನ್ನಾಗಿ ಹಿಡಿಯಲು ಹಚ್ಚುವ ಪದಾರ್ಥ. ಚಿಪ್ಪಿನ ಮೇಲಿನ ಚುಕ್ಕೆಯನ್ನು ಬೋರ್ಡಿನ ಗುರುತಿಗೆ ಹೊಂದಿಸುತ್ತೇನೆ. ಒಂದು ಮೂಲೆಯ ಕಾಲನ್ನು ಅಂಟಿಸಿ, ನಾಲ್ಕೂ ಬದಿ ನೇರವಾಗಿದೆಯಾ ನೋಡಿ, ಎದುರು ಮೂಲೆಯನ್ನು ಹಿಡಿಸುತ್ತೇನೆ. ಆಮೇಲೆ ಕಾಲುಗಳ ಮೇಲೆ ಧಾರಾಳವಾಗಿ ಫ್ಲಕ್ಸ್ ಹಚ್ಚಿ, ಬೆಸುಗೆ ಐರನ್ನಿನ ತುದಿಯಲ್ಲಿ ಸ್ವಲ್ಪವೇ ಸೋಲ್ಡರ್ (ಕರಗಿಸಿ ಬೆಸೆಯುವ ಲೋಹ) ತೆಗೆದುಕೊಂಡು ಸಾಲಿನುದ್ದಕ್ಕೂ ನಿಧಾನವಾಗಿ ಎಳೆಯುತ್ತೇನೆ. ಸೋಲ್ಡರ್ ತಾನಾಗಿ ಪ್ಯಾಡುಗಳಿಗೆ (ಬೋರ್ಡಿನಲ್ಲಿ ಕಾಲು ಕೂರುವ ಲೋಹದ ಜಾಗ) ಹಂಚಿಕೊಳ್ಳುತ್ತದೆ. ನೋಡೋಕೆ ಎಷ್ಟು ಖುಷಿ! ಎರಡು ಕಾಲು ಕೂಡಿಕೊಂಡರೆ ತಾಮ್ರದ ಬತ್ತಿ ಇಟ್ಟು ಹೀರಿಸಿದರೆ ಆಯಿತು.

ಆದರೆ ಹೊಗೆಯೂ ಈ ಫ್ಲಕ್ಸ್‌ನದೇ. ಸೀಸದ ಹಬೆ ಅಂತ ಹೆದರುವವರಿದ್ದಾರೆ. 63/37 ಸೋಲ್ಡರ್ (63 ಪಾಲು ತವರ, 37 ಪಾಲು ಸೀಸ) 183 ಡಿಗ್ರಿಗೆ ಕರಗುತ್ತದೆ, ನಾನು ಐರನ್ ಇಡುವುದು 320ರ ಆಸುಪಾಸು. ಸೀಸ ಕುದಿಯಲು 1,700 ಡಿಗ್ರಿ ದಾಟಬೇಕು. ಕಣ್ಣು ಉರಿಸುವುದು ಫ್ಲಕ್ಸ್‌ನಲ್ಲಿರುವ ರೋಸಿನ್ (ಪೈನ್ ಮರದ ರಾಳ) ಹೊಗೆ. ಅದನ್ನು ದಿನಾ ಕುಡಿದರೆ ಆಸ್ತಮಾ ಬರಬಹುದು. ಎಸ್‌ಎಂಡಿಯಲ್ಲಿ ಈ ಅಪಾಯ ಜಾಸ್ತಿ, ಯಾಕೆಂದರೆ ಭಾಗ ಚಿಕ್ಕದಾದಷ್ಟೂ ನಾವು ಬಗ್ಗಿ ಮುಖವನ್ನು ಹೊಗೆಗೇ ಕೊಡುತ್ತೇವೆ ಅಲ್ವಾ? ಅದಕ್ಕೇ ದೂರದಿಂದ ಕಾಣುವಂಥ ತಲೆಗೆ ಕಟ್ಟುವ ಭೂತಗನ್ನಡಿ ಹಾಕಿಕೊಳ್ಳುತ್ತೇನೆ. ಹಳೆ ಕಂಪ್ಯೂಟರ್ ಫ್ಯಾನನ್ನು ಬೋರ್ಡಿನ ಪಕ್ಕದಲ್ಲಿಟ್ಟು ಹೊಗೆಯನ್ನು ಕಿಟಕಿಯ ಕಡೆ ಎಳೆಸುತ್ತೇನೆ. ಸೀಲಿಂಗ್ ಫ್ಯಾನ್ ಹೊಗೆಯನ್ನು ಸುಮ್ನೆ ಕೋಣೆಯೆಲ್ಲ ಹರಡುತ್ತದೆ. ಬಟ್ಟೆಯ ಮಾಸ್ಕ್ ಈ ಹೊಗೆಗೆ ಸಾಲದು.

ಸೀಸ ಒಳಗೆ ಹೋಗುವ ದಾರಿ ಕೈ ಮತ್ತು ಬಾಯಿ. ಕೆಲಸದ ಮೇಜಿನ ಮೇಲೆ ಟೀ, ಚಕ್ಕುಲಿ ಏನೂ ಇಡುವುದಿಲ್ಲ. ಸೋಲ್ಡರ್ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತೇನೆ. ಬೋರ್ಡ್ ಒರೆಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ. ಐರನ್ ಆರಿಸಿ, ತಣ್ಣಗಾದ ಮೇಲೆಯೇ ಆ ಬಾಟಲಿ ತೆರೆಯುತ್ತೇನೆ.

ಮೇಜು, ನೆಲ ಗುಡಿಸುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಆ ಬಟ್ಟೆ ಬೇರೆ ಯಾವುದಕ್ಕೂ ಇಲ್ಲ. ಸೀಸ ಹೆಚ್ಚು ತೊಂದರೆ ಕೊಡುವುದು ಚಿಕ್ಕ ಮಕ್ಕಳಿಗೆ. ಅಂಬೆಗಾಲಿಡುವ ಮಗು ಇರುವ ಮನೆಯಾದರೆ ಸೀಸವಿಲ್ಲದ ಸೋಲ್ಡರ್ ತಗೊಳ್ಳಿ. ಅದು ಕರಗುವುದು ಸುಮಾರು 217 ಡಿಗ್ರಿಗೆ, ಐರನ್ ಸ್ವಲ್ಪ ಹೆಚ್ಚು ಬಿಸಿ ಇಡಬೇಕು ಅಷ್ಟೇ.