ಸೈಕಾಲಜಿ ಪ್ರಯೋಗ ಮಾಡೋದು ಹೇಗೆ?

ಮೊದಲು ಪ್ರಶ್ನೆಯನ್ನು ಅಳೆಯಲು ಆಗುವಂತೆ ಬರೆಯಿರಿ. "ನಿದ್ದೆ ಮನಸ್ಸಿಗೆ ಒಳ್ಳೆಯದಾ?" ಅಂದರೆ ಸಾಲದು. "8 ಗಂಟೆ ಮಲಗಿದವರು 5 ಗಂಟೆ ಮಲಗಿದವರಿಗಿಂತ 20 ಪದಗಳ ಪಟ್ಟಿಯಲ್ಲಿ ಜಾಸ್ತಿ ಪದ ನೆನಪಿಡುತ್ತಾರಾ?" ಅಂತ ಕೇಳಿ.

ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸುಮ್ನೆ ಜನರನ್ನು ಎಷ್ಟು ಹೊತ್ತು ಮಲಗಿದಿರಿ ಅಂತ ಕೇಳಿ, ಅದನ್ನು ಅವರ ಅಂಕಗಳ ಜೊತೆ ಹೋಲಿಸಿದರೆ ಸಿಗುವುದು ಸಹಸಂಬಂಧ (ಎರಡು ಸಂಗತಿಗಳು ಒಟ್ಟಿಗೆ ಏರಿಳಿಯುವುದು) ಮಾತ್ರ, ಕಾರಣ ಅಲ್ಲ. ಒತ್ತಡದಲ್ಲಿ ಇರುವವರಿಗೆ ನಿದ್ದೆಯೂ ಕಡಿಮೆ, ನೆನಪೂ ಕಡಿಮೆ ಇರಬಹುದು ಅಲ್ವಾ? ಕಾರಣ ಗೊತ್ತಾಗಬೇಕಾದರೆ ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸಿ. ಆಗ ವಯಸ್ಸು, ಒತ್ತಡ, ಆಸಕ್ತಿ ಎಲ್ಲವೂ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ, ಗುಂಪು ದೊಡ್ಡದಿದ್ದಷ್ಟೂ ಚೆನ್ನಾಗಿ. ಭಾಗವಹಿಸುವವರ ಒಪ್ಪಿಗೆ ಮೊದಲೇ ಪಡೆಯಿರಿ, ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಅಂತಲೂ ಹೇಳಿ.

ಸರಾಸರಿಯನ್ನು ಮಾತ್ರ ನಂಬಬೇಡಿ. 4, 5, 5, 6, 20 ಇವುಗಳ ಸರಾಸರಿ 8, ಆದರೆ ಮಧ್ಯಾಂಕ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಸಂಖ್ಯೆ, 5. ಒಬ್ಬರೇ ಇಡೀ ಚಿತ್ರ ಬದಲಿಸಿದ್ದಾರೆ! ಅಂಕಗಳು ಎಷ್ಟು ಹರಡಿವೆ ಅಂತ ತೋರಿಸಲು ಸ್ಟ್ಯಾಂಡರ್ಡ್ ಡೀವಿಯೇಷನ್ ಕೊಡಿ.

ಗುಂಪುಗಳ ವ್ಯತ್ಯಾಸವನ್ನು ಪರೀಕ್ಷಿಸುವ ಲೆಕ್ಕದಲ್ಲಿ ಪಿ ಮೌಲ್ಯ ಅನ್ನುವ ಸಂಖ್ಯೆ ಸಿಗುತ್ತದೆ. ಅದು 0.05ಕ್ಕಿಂತ ಕಡಿಮೆ ಬಂತು ಅಂದರೆ ನಿಮ್ಮ ಊಹೆ 95% ನಿಜ ಅಂತ ಅಲ್ಲ. ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೆ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ 5%ಗಿಂತ ಕಡಿಮೆ, ಅಷ್ಟೇ. ವ್ಯತ್ಯಾಸ ಎಷ್ಟು ದೊಡ್ಡದು ಅಂತ ಬೇರೆಯಾಗಿ ಹೇಳಬೇಕು. 2015ರಲ್ಲಿ ಪ್ರಕಟವಾದ ಒಂದು ಯೋಜನೆಯಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸುಮಾರು 36%ರಲ್ಲಿ ಮಾತ್ರ ಮತ್ತೆ ಪಿ ಮೌಲ್ಯ 0.05ಕ್ಕಿಂತ ಕಡಿಮೆ ಬಂತು. ಡೇಟಾ ನೋಡಿದ ಮೇಲೆ ಬೇಕಾದ ಲೆಕ್ಕ ಆರಿಸಿಕೊಂಡರೆ ಆಕಸ್ಮಿಕ ವ್ಯತ್ಯಾಸವೂ ನಿಜ ಅನ್ನಿಸಬಹುದು. ಅದಕ್ಕೇ ಯಾವ ಲೆಕ್ಕ ಮಾಡುತ್ತೀರಿ ಅನ್ನುವುದನ್ನು ಡೇಟಾ ನೋಡುವ ಮೊದಲೇ ಬರೆದಿಡಿ.