ಸುಂಕಕ್ಕೆ ಒಂದು ಸಾಲು, ನಿಷೇಧಕ್ಕೆ ಇನ್ನೊಂದು

ನವಿ ಮುಂಬೈಯ ವಾಶಿಯ ಕಾಂದಾ-ಬಟಾಟಾ (ಈರುಳ್ಳಿ-ಆಲೂಗಡ್ಡೆ) ಮಾರ್ಕೆಟ್ಟಿನಲ್ಲಿ ನಮ್ಮದೊಂದು ಗಾಳಾ, ಅಂದರೆ ಮಳಿಗೆ, ಇದೆ. ನಾಸಿಕದ ಈರುಳ್ಳಿ, ಸೀಸನ್ನಿನಲ್ಲಿ ನಮ್ಮ ವಿಜಯಪುರದ ಕಡೆಯದ್ದೂ ಸ್ವಲ್ಪ, ನ್ಹಾವಾ ಶೇವಾ ಬಂದರಿನಿಂದ ದುಬೈ, ಕೊಲಂಬೊಗೆ ಕಳಿಸುತ್ತೇವೆ. ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಅಂದರೆ ಜಿನೀವಾದಲ್ಲಿ ಕೂತವರ ತಲೆನೋವು, ನಮಗೇನು ಅಂತ ಪಕ್ಕದ ಗಾಳಾದವರು ನಗುತ್ತಾರೆ. ನಗಲಿ. ನಾನು ಕರಾರು ಬರೆಯುವ ರೀತಿ ಬದಲಾಗಿದ್ದು ಅಲ್ಲಿಯ ಒಂದು ನಿಯಮ ಓದಿದ ಮೇಲೇ.

2023ರ ಆಗಸ್ಟ್ 19ಕ್ಕೆ ಈರುಳ್ಳಿ ರಫ್ತಿನ ಮೇಲೆ ಶೇ 40 ಸುಂಕ ಬಿತ್ತು. ಡಿಸೆಂಬರ್ 8ರಿಂದ ರಫ್ತೇ ಬಂದ್. ಮಾರ್ಚ್ 31ರ ತನಕ ಅಂದಿದ್ದರು, ಆಮೇಲೆ ಅದನ್ನೂ ಮುಂದಕ್ಕೆ ಹಾಕಿದರು. 2024ರ ಮೇ 4ಕ್ಕೆ ಬಿಟ್ಟಾಗ ಟನ್ನಿಗೆ ಕನಿಷ್ಠ ರಫ್ತು ಬೆಲೆ 550 ಡಾಲರ್, ಅದರ ಮೇಲೆ ಶೇ 40 ಸುಂಕ. ಹಡಗಿನ ಬಾಡಿಗೆ ಸೇರಿಸುವ ಮೊದಲೇ 770 ಡಾಲರ್ ಆಯಿತಲ್ವಾ?

ನಾನು ಓದಿದ್ದು ಡಬ್ಲ್ಯುಟಿಒದ ಗ್ಯಾಟ್ ಅನ್ನುವ ಸುಂಕ-ವ್ಯಾಪಾರ ಒಪ್ಪಂದ. ಅದರ 11ನೇ ವಿಧಿ ಆಮದು-ರಫ್ತು ನಿಷೇಧ ಮಾಡಬಾರದು ಅನ್ನುತ್ತದೆ, ಆದರೆ ಸುಂಕ ಹಾಕುವುದಕ್ಕೆ ಅದರ ಅಡ್ಡಿಯಿಲ್ಲ. ನಿಷೇಧಕ್ಕೂ ಒಂದು ಕಿಂಡಿ ಇದೆ: ದೇಶದಲ್ಲಿ ಆಹಾರದ ತೀವ್ರ ಕೊರತೆ ತಡೆಯಲು ಅಥವಾ ನೀಗಿಸಲು ರಫ್ತನ್ನು ತಾತ್ಕಾಲಿಕವಾಗಿ ನಿಲ್ಲಿಸಬಹುದು. ತಾತ್ಕಾಲಿಕ ಅಂದರೆ ಎಷ್ಟು ತಿಂಗಳು ಅಂತ ಅಲ್ಲಿ ಬರೆದಿಲ್ಲ. ಆ ಕಿಂಡಿಯಲ್ಲೇ ಸರ್ಕಾರದ ಕೈ, ಅದರಲ್ಲೇ ನಮ್ಮ ಹೊಟ್ಟೆಪಾಡು.

ಹಾಗಾಗಿ ಸುಂಕ ಮತ್ತು ನಿಷೇಧವನ್ನು ಕರಾರಿನಲ್ಲಿ ಬೇರೆ ಬೇರೆ ಮಾಡಿದೆ. ಬೆಲೆ ಬರೆಯುವುದು ಸುಂಕ ಬಿಟ್ಟು. ಸುಂಕ ಎಷ್ಟಾದರೂ ಕೊಳ್ಳುವವನದ್ದು. ಕಸ್ಟಮ್ಸ್‌ನವರು ಮಾಲು ಹಡಗಿಗೆ ಏರಿಸಲು ಅಪ್ಪಣೆ ಕೊಟ್ಟ ದಿನದ ದರವೇ ಲೆಕ್ಕ, ಕರಾರಿನ ದಿನದ್ದು ಲೆಕ್ಕಕ್ಕಿಲ್ಲ, ಇದನ್ನು ಬಿಡಿಸಿ ಬರೆಯಲೇಬೇಕು. ನಿಷೇಧ ಬಂದರೆ ವ್ಯವಹಾರ ರದ್ದು, ಅಡ್ವಾನ್ಸ್ ವಾಪಸ್, ನಷ್ಟ ಪರಿಹಾರ ಯಾರೂ ಕೇಳುವಂತಿಲ್ಲ.

ಇನ್ನೊಂದು, ಮಾಲನ್ನು ಗೋದಾಮಿನಲ್ಲಿ ಸುಮ್ನೆ ಇಟ್ಟುಕೊಳ್ಳುವುದಿಲ್ಲ. ಡಿಸೆಂಬರಿನ ಅಧಿಸೂಚನೆಯಲ್ಲಿ, ಮೊದಲೇ ಕಸ್ಟಮ್ಸ್ ವಶಕ್ಕೆ ಕೊಟ್ಟು ಅವರ ಸಿಸ್ಟಮ್ಮಿನಲ್ಲಿ ದಾಖಲಾದ ಮಾಲಿಗೆ ವಿನಾಯಿತಿ ಇತ್ತು. ನಮ್ಮ ಒಂದು ರೀಫರ್ (ತಂಪು ಮಾಡುವ) ಕಂಟೇನರ್ ಬಂದರಿನ ಒಳಗೆ ಹೋಗಿ ಕರೆಂಟಿನ ಪ್ಲಗ್‌ಗೆ ಹಾಕಿಯೂ ಆಗಿತ್ತು, ಇನ್ನೊಂದು ಹೊರಗೆ ಉರಣದ ರಸ್ತೆಯ ಟ್ರೇಲರ್ ಸಾಲಿನಲ್ಲೇ ನಿಂತಿತ್ತು. ನಾನು ಫೋನಿನಲ್ಲಿ ಒದರಾಡುತ್ತಿದ್ದರೆ ಕಸ್ಟಮ್ಸ್ ಕೆಲಸ ನೋಡಿಕೊಳ್ಳುವ ನಮ್ಮ ಕ್ಲಿಯರಿಂಗ್ ಏಜೆಂಟ್, ಮಂಗಳೂರಿನವರು, ತಣ್ಣಗೆ "ರಸೀದಿಯಲ್ಲಿ ಟೈಮ್ ಉಂಟಲ್ಲ ಮಾರಾಯ್ರೆ, ಒಳಗಿದ್ದದ್ದು ಹೋಗ್ತದೆ, ಹೊರಗಿದ್ದದ್ದು ತಿರುಗಿಸಿ" ಅಂದರು. ಹಾಗೇ ಆಯಿತು. ತಿರುಗಿ ಬಂದ ಕೆಂಪು ಜಾಳಿಗೆ ಚೀಲಗಳನ್ನು ವಾಶಿಯಲ್ಲೇ ಬಿದ್ದ ದರಕ್ಕೆ ಕೊಟ್ಟೆವು. ಆ ವಾರ ಊರಿಂದ ಕಾಕಾ ಫೋನ್ ಮಾಡಿ "ಉಳ್ಳಾಗಡ್ಡಿ ತುಟ್ಟಿ ಆದ್ರ ಎಲ್ಲಾರೂ ಅಳತಾರ, ಅಗ್ಗ ಆದ್ರ ನಾವಷ್ಟ ಅಳಬೇಕೇನು?" ಅಂದರು. ಏನು ಹೇಳಲಿ?

ದೇಶದ ಹಿತ ಬೇಡ ಅನ್ನುವವನು ನಾನಲ್ಲ. ಡೊಂಬಿವಲಿಯ ನನ್ನ ಮನೆಯಲ್ಲೂ ಈರುಳ್ಳಿ ದುಡ್ಡು ಕೊಟ್ಟೇ ತರುವುದು. ಆದರೆ ರೈತನೂ ದೇಶದವನೇ ತಾನೆ? ಸುಂಕ ಹಾಕಿದರೆ ದುಬೈಯ ಗಿರಾಕಿ ಗೊಣಗಿಕೊಂಡೇ ಸ್ವಲ್ಪ ಮಾಲಾದರೂ ತೆಗೆದುಕೊಳ್ಳುತ್ತಾನೆ, ರಾತ್ರೋರಾತ್ರಿ ಬಂದ್ ಮಾಡಿದರೆ ಪಾಕಿಸ್ತಾನದ ಮಾಲಿಗೆ ಹೋಗುತ್ತಾನೆ, ಆಮೇಲೆ ವಾಪಸ್ ಕರೆತರುವುದಕ್ಕೆ ದರ ಇಳಿಸಬೇಕಾಗುತ್ತದೆ. ಬೆಂಗಳೂರು ಗುಲಾಬಿ ಈರುಳ್ಳಿಗೆ ಮಾಡಿದ್ದು ನನಗೆ ಜಾಸ್ತಿ ಇಷ್ಟ: ಅದು ಹೆಚ್ಚಾಗಿ ಹೊರಗೇ ಹೋಗುವ ಮಾಲು, ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ತಂದರೆ ಸುಂಕ ಮಾಫಿ ಅಂದರು.

2025ರ ಏಪ್ರಿಲ್ 1ರಿಂದ ಸುಂಕ ಪೂರ್ತಿ ಹೋಗಿದೆ. ಹೊಸ ಗಿರಾಕಿಗಳು, ಈಗ್ಯಾಕೆ ಆ ಎರಡು ಸಾಲು, ತೆಗೀರಿ ಅನ್ನುತ್ತಾರೆ. ಟನ್ನಿಗೆ ಐದು ಡಾಲರ್ ಬೇಕಾದರೆ ಬಿಡುತ್ತೇನೆ, ಸಾಲು ಮಾತ್ರ ಬಿಡುವುದಿಲ್ಲ. ಕೊಲಂಬೊದವನೊಬ್ಬ ಸುಂಕ ಬಂದರೆ ಅರ್ಧ-ಅರ್ಧ ಮಾಡೋಣ ಅಂತ ಹಿಡಿದಿದ್ದಾನೆ, ಅವನ ಜೊತೆ ಇನ್ನೂ ಎಳೆದಾಟ ನಡೆದಿದೆ.